ಅಳಿಸಿದ ಹನ್ನೊಂದು ಸಾಲು

ಜೂನ್ 3, ಸೋಮವಾರ. ಬೆಳಿಗ್ಗೆ 8.15

ಕೀಬೋರ್ಡ್ ಮಗುಚಿ ಬಡಿದೆ. ಬಿಸ್ಕತ್ತಿನ ಪುಡಿ, ಒಂದು ಬಿಳಿ ಕೂದಲು. ಅತ್ತೆಯದು ಎಂದುಕೊಳ್ಳಬಹುದಿತ್ತು... ಉದ್ದ ನೋಡಿದರೆ ನನ್ನದೇ.

ಟೈಲ್ಸ್ ಅಂಗಡಿಯವರಿಗೆ ಕೊನೆಯ ಬ್ಯಾಕಪ್ ಕಳಿಸಿದೆ. ನಾಲ್ಕು ವರ್ಷದಿಂದ ಇದ್ದ ಒಂದೇ ಒಂದು ಖಾಯಂ ಗಿರಾಕಿ. ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗುತ್ತಾರಂತೆ. "ನಿಮ್ಮ ಸಾಫ್ಟ್‌ವೇರ್ ತುಂಬ ಚೆನ್ನಾಗಿತ್ತಮ್ಮ" ಅಂದರು. ಸತ್ತವರ ಬಗ್ಗೆ ಮಾತಾಡಿದ ಹಾಗಿತ್ತು.

ಇನ್ನು ಕೈಯಲ್ಲಿ ಏನೂ ಇಲ್ಲ. ಇವರು ಹಡಗಿನ ಎಂಜಿನ್ ರೂಮಿನಲ್ಲಿ, ಬರುವುದು ಸೆಪ್ಟೆಂಬರಿಗೆ. ಮನೆಯಲ್ಲಿ ನಾನು, ಅತ್ತೆ, ಅತ್ತೆಯ ಮಂಡಿ. ಹಳೆಯ ಸಹೋದ್ಯೋಗಿ ಒಬ್ಬಳು ತನ್ನ ಆಫೀಸಿನಲ್ಲಿ ಜಾಗ ಇದೆ ಎಂದಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಬಸ್ಸು, ರಾತ್ರಿ ಎಂಟಕ್ಕೆ ಮನೆ. ತಿಂಗಳ ಕೊನೆಯೊಳಗೆ ಹೇಳಬೇಕು. ಮಾರ್ಚಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿದಾಗ ನಾನು ಪಕ್ಕದ ಕೋಣೆಯಲ್ಲಿದ್ದೆ, ಸದ್ದು ಕೇಳಿತು. ಇರದಿದ್ದರೆ — ಬೇಡ, ಬರೆಯುವುದಿಲ್ಲ.

ಗುರುವಾರ ಹತ್ತೂವರೆಗೆ ಮೀಟಿಂಗ್. ರಕ್ತ ಪರೀಕ್ಷೆಯ ಲ್ಯಾಬ್, ನಾಲ್ಕು ಬ್ರಾಂಚ್. ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಬೇಕಂತೆ. ಸಿಕ್ಕರೆ ಎರಡು ವರ್ಷದ ಕೆಲಸ, ಮನೆಯಲ್ಲೇ ಕೂತು. ಇದೊಂದು ಸಿಗಲಿ.

ಜೂನ್ 5, ಬುಧವಾರ. ಸಂಜೆ

ಬರಿಗೈಯಲ್ಲಿ ಹೋಗುವವಳಲ್ಲ ನಾನು. ಎರಡು ದಿನ ಕೂತು ಮಾದರಿ ಮಾಡಿದ್ದೇನೆ. ನೋಂದಣಿ, ಟ್ಯೂಬಿಗೆ ಲೇಬಲ್, ಮೊಬೈಲಿಗೆ ರಿಪೋರ್ಟ್. ಬಟನ್ ಒತ್ತಿದರೆ ಓಡುತ್ತದೆ. ಯಾರೂ ಕೇಳಿರಲಿಲ್ಲ.

ಅತ್ತೆ ನನ್ನ ಬಟ್ಟೆ ಇಸ್ತ್ರಿ ಮಾಡಿದರು, ಕುರ್ಚಿಯಲ್ಲಿ ಕೂತೇ. ಮೂವತ್ತೊಂದು ವರ್ಷ ಆಸ್ಪತ್ರೆಯ ನರ್ಸ್. ಕಾಲರಿನ ಮಡಿಕೆ ನೋಡಿದರೆ ಈಗಲೂ ಗೊತ್ತಾಗುತ್ತದೆ. "ಮಾತು ಕಡಿಮೆ ಆಡು. ನಿಂಗೆ ಗೊತ್ತಿರೋದನ್ನೆಲ್ಲ ಮೊದಲ ದಿನವೇ ಸುರಿದುಬಿಡಬೇಡ" ಅಂದರು. ಆಯಿತು ಅಂದೆ. ನನಗೂ ಗೊತ್ತು ಅವರಿಗೂ ಗೊತ್ತು, ಆಗುವುದಿಲ್ಲ.

ಜೂನ್ 6, ಗುರುವಾರ. ಮಧ್ಯಾಹ್ನ 12.05 — ಲ್ಯಾಬಿನ ಬೆಂಚು

ಹತ್ತೂವರೆಯ ಮೀಟಿಂಗ್. "ಸಾಹೇಬರು ಇನ್ನೈದು ನಿಮಿಷ" — ಇದು ನಾಲ್ಕನೆಯ ಐದು ನಿಮಿಷ. ಕಬ್ಬಿಣದ ಬೆಂಚು, ಒಂದು ಕಾಲು ಗಿಡ್ಡ. ಪಕ್ಕದವರು ಎದ್ದಾಗಲೆಲ್ಲ ವಾಲುತ್ತದೆ.

ಕೌಂಟರಿನ ಹುಡುಗಿ ಚುರುಕು. ಹೆಸರು ಕೇಳುತ್ತಾಳೆ, ಟೈಪ್ ಮಾಡುತ್ತಾಳೆ, ಪ್ರಿಂಟರ್ ರಿಪೋರ್ಟ್ ಉಗುಳುತ್ತದೆ, ಕವರಿಗೆ ಹಾಕಿ ಕೊಡುತ್ತಾಳೆ. ಒಮ್ಮೊಮ್ಮೆ ಪರದೆಯ ತುಂಬ ಕೆಂಪು ಚೌಕ. ಆಗ ಕುರ್ಚಿ ಹಿಂದೆ ತಳ್ಳಿ ಒಳಗೆ ಓಡುತ್ತಾಳೆ, ವಾಪಸ್ ಬಂದು ಏನೋ ನಂಬರ್ ಹೊಡೆಯುತ್ತಾಳೆ. ಅಷ್ಟರಲ್ಲಿ ಸಾಲಿನಲ್ಲಿ ಗೊಣಗಾಟ.

ಏನದು ಎಂದು ಕೇಳಿದೆ.

"ಅವಳು ಕೆಂಪಕ್ಕ ಮೇಡಂ. ದಿನಕ್ಕೆ ಎಂಟು ಹತ್ತು ಸಲ ಬರ್ತಾಳೆ. ಯಾಕೆ ಬರ್ತಾಳೋ ನಾನು ಸೇರಿದಾಗಿಂದ ಯಾರೂ ಹೇಳಿಲ್ಲ. ಒಳಗೆ ಹೋಗಿ ಟ್ಯೂಬ್ ನಂಬರ್ ನೋಡ್ಕೊಂಡು ಬಂದು ಹೊಡೆದ್ರೆ ಹೊರಟುಹೋಗ್ತಾಳೆ."

ಹಳೆ ಸಾಫ್ಟ್‌ವೇರಿನ ರೋಗ ಎಂದುಕೊಂಡೆ. ಕರೆಯುತ್ತಿದ್ದಾರೆ.

ಅದೇ ದಿನ. ಸಂಜೆ 5

ಎಲ್ಲಿಂದ ಶುರು ಮಾಡಲಿ.

ಡೈರೆಕ್ಟರರ ಕೋಣೆ. ಎಸಿ ಎಷ್ಟೆಂದರೆ ಬೆರಳು ಮರಗಟ್ಟಿತು. ಅವರು ಫೋನಿನಲ್ಲಿದ್ದರು, ಕೈಸನ್ನೆಯಲ್ಲೇ ಕೂರಲು ಹೇಳಿದರು. ಪಕ್ಕದಲ್ಲಿ ಅವರ ಅಳಿಯ, "ನಮ್ಮ ಐಟಿ ಎಲ್ಲ ಇವನೇ ನೋಡ್ಕೊಳ್ಳೋದು". ಫೋನ್ ಇಟ್ಟ ಮೇಲಿನ ಮೊದಲ ಪ್ರಶ್ನೆ, "ಒಬ್ಬರೇನಾ? ಹಿಂದೆ ಟೀಮ್ ಇಲ್ವಾ?" ಎರಡನೆಯದು, "ಯಜಮಾನ್ರು ಏನ್ ಮಾಡ್ತಾರೆ?" ಹಡಗಿನಲ್ಲಿದ್ದಾರೆ ಎಂದೆ. "ಹಾಗಾದ್ರೆ ಇದು ಟೈಮ್‌ಪಾಸಿಗಾ" ಅಂದರು. ಅಳಿಯ ನಕ್ಕ. ನಾನೂ ನಕ್ಕೆ... ಅದು ಈಗ ಉರಿಯುತ್ತಿದೆ. ಯಾಕೆ ನಕ್ಕೆ?

ಲ್ಯಾಪ್‌ಟಾಪ್ ತೆರೆದು ಮಾದರಿ ತೋರಿಸಲು ಹೋದೆ. ನೋಡಲಿಲ್ಲ. "ಬೋರ್ಡ್ ಮೇಲೆ ಹೇಳಿ, ಹೇಗೆ ಮಾಡ್ತೀರಿ." ಬರೆದೆ. ನಾಲ್ಕು ಬ್ರಾಂಚನ್ನು ಹೇಗೆ ಜೋಡಿಸುವುದು, ಎಲ್ಲಿ ಏನು ಇಡುವುದು, ಯಾವುದು ಮೊದಲು. ಮುಕ್ಕಾಲು ಗಂಟೆ. ತಿರುಗಿ ನೋಡಿದರೆ ಅಳಿಯ ಬೋರ್ಡಿನ ಫೋಟೋ ಹೊಡೆಯುತ್ತಿದ್ದಾನೆ. ಒಂದು ಮೂಲೆ ಬಿಟ್ಟುಹೋಯಿತೇನೋ, "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ" ಅಂದ. ಬಂದೆ. ಅತ್ತೆಯ ಮಾತು ನೆನಪಾಯಿತು, ಆಗ ನೆನಪಾಗಿ ಏನು ಫಲ.

ಆಮೇಲೆ ಡೈರೆಕ್ಟರ್ ಹೇಳಿದರು, "ಮಾತು ಎಲ್ಲರೂ ಆಡ್ತಾರೆ. ಈಗಿರೋ ಸಿಸ್ಟಮಲ್ಲಿ ಒಂದು ಎರರ್ ಇದೆ. ಕೆಂಪು ಡಬ್ಬಿ ಬಂದು ನಿಂತುಬಿಡತ್ತೆ. ಕ್ಯೂ ರಸ್ತೆವರೆಗೆ ಹೋಗತ್ತೆ. ಅದನ್ನ ತೆಗೆದು ತೋರಿಸಿ, ನಿಮ್ಮ ಕೈಚಳಕ ಗೊತ್ತಾಗತ್ತೆ." ಅಳಿಯ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟ.

ಬಿಟ್ಟಿ ಕೆಲಸ ಎಂದು ಗೊತ್ತಾಯಿತು. ಏಳಬೇಕಿತ್ತು. ಆದರೆ ಗಂಟು ಕಂಡರೆ ಬಿಡಿಸದೆ ಇರಲಾರೆ, ಅದು ನನ್ನ ಹುಟ್ಟುಗುಣ. ಒಳಗೆ ಹೋದೆ. ಹಳೆ ಕಾಲದ ಕೋಡ್, ಉದ್ದುದ್ದ, ಆದರೆ ಅಚ್ಚುಕಟ್ಟು. ಹದಿನೇಳು ನಿಮಿಷದಲ್ಲಿ ಸಿಕ್ಕಿತು. ಹನ್ನೊಂದು ಸಾಲು. ತಲೆಯ ಮೇಲೆ, ಮುಂದೆ ಬರುವ ಪ್ರೋಗ್ರಾಮರಿಗೆ ಹಿಂದಿನವರು ಬಿಟ್ಟುಹೋದ ಟಿಪ್ಪಣಿ: "ಮುಟ್ಟಬೇಡಿ. ಯಾಕೆ ಎಂದು ತಿಳಿಯಬೇಕಿದ್ದರೆ ಫೋನ್ ಮಾಡಿ." ಕೆಳಗೆ ನಂಬರ್.

ಮುಟ್ಟಬೇಡಿ ಎಂಬ ಟಿಪ್ಪಣಿ ಸಾವಿರ ನೋಡಿದ್ದೇನೆ. ನಾನೇ ಬರೆದಿದ್ದೇನೆ, ಬರೀ ಸೋಮಾರಿತನಕ್ಕೆ. ಇಬ್ಬರೂ ನನ್ನ ಪರದೆಯನ್ನೇ ನೋಡುತ್ತಿದ್ದರು. ಪೂರ್ತಿ ಓದಲಿಲ್ಲ. ಅಳಿಸಿದೆ.

"ನೋಡು. ಆ ಹಳೇ ಪ್ರೋಗ್ರಾಮರ್ ಎರಡು ವರ್ಷ ಆಗಲ್ಲ ಆಗಲ್ಲ ಅಂತಿದ್ದ. ಈಯಮ್ಮ ಕಾಫಿ ಆರೋದ್ರೊಳಗೆ ತೆಗೆದ್ರು" ಅಂದರು ಅಳಿಯನಿಗೆ. ನಾನು ಉಬ್ಬಿದೆ. ಸುಳ್ಳು ಯಾಕೆ, ತುಂಬ ಉಬ್ಬಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಅಳಿಯ ಬಾಗಿಲು ತೆರೆದು ಹಿಡಿದ. "ತಿಳಿಸ್ತೀವಿ." ಅಟ್ಟಕ್ಕೇರಿಸಿ ಏಣಿ ತೆಗೆದ ಹಾಗೆ. ನನ್ನ ಮಾದರಿ ನೋಡಲೇ ಇಲ್ಲ.

ಜೂನ್ 7, ಶುಕ್ರವಾರ. ಬೆಳಿಗ್ಗೆ 10

ಫೋನ್ ಇಲ್ಲ, ಮೆಸೇಜ್ ಇಲ್ಲ. ಮುಖ ಊದಿಸಿಕೊಂಡು ಪಾತ್ರೆ ತೊಳೆಯುತ್ತಿದ್ದೆ. "ಪಾತ್ರೆ ಏನ್ ಮಾಡ್ತು ನಿಂಗೆ?" ಅಂದರು ಅತ್ತೆ. ಎಲ್ಲ ಹೇಳಿಬಿಟ್ಟೆ. ಬೋರ್ಡಿನ ಫೋಟೋ, ಟೈಮ್‌ಪಾಸ್, ಎಲ್ಲ. ನನ್ನ ಪರ ನಾಲ್ಕು ಮಾತು ಆಡಲಿ ಎಂಬ ಆಸೆ. ಆಡಿದರು ಕೂಡ, ಡೈರೆಕ್ಟರರ ಬಗ್ಗೆ ಬರೆಯಲಾಗದ ಎರಡು ಪದ.

ಆಮೇಲೆ ಕೇಳಿದರು, "ಆ ಕೆಂಪು ಡಬ್ಬಿ ಯಾಕೆ ಬರ್ತಿತ್ತು?"

"ಗೊತ್ತಿಲ್ಲ. ಹಳೇ ಎರರ್."

"ಗೊತ್ತಿಲ್ಲದೇ ತೆಗೆದ್ಯಾ?"

"ಅತ್ತೆ, ಅದು ನಿಮಗೆ ಅರ್ಥ ಆಗಲ್ಲ."

ಸುಮ್ಮನಾದರು. ಅವರು ಸುಮ್ಮನಾದರೆ ಮನೆಯಲ್ಲಿ ಜಾಗವೇ ಸಾಲದು. ಸ್ವಲ್ಪ ಹೊತ್ತಿಗೆ ತಾವೇ ಶುರು ಮಾಡಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು, ನಾಲ್ಕನೇ ಮಂಚ, ಹನ್ನೊಂದನೇ ಮಂಚ. ಇಂಜೆಕ್ಷನ್ ತಗೊಂಡು ಹೆಸರು ಕೂಗಿದರು, ಬೇರೆಯವನು ಕೈ ಎತ್ತಿದ. ಸೂಜಿ ಚುಚ್ಚುವಷ್ಟರಲ್ಲಿ ಹಿರಿಯ ನರ್ಸ್ ಕೈ ಹಿಡಿದಳಂತೆ. ಅಂದಿನಿಂದ ಹೆಸರು ಕೇಳಿ, ಮಣಿಕಟ್ಟಿನ ಚೀಟಿ ನೋಡಿ, ಮತ್ತೆ ಹೆಸರು ಕೇಳಿಯೇ ಚುಚ್ಚುವುದು. "ರೋಗಿಗಳು ಬೈಯೋರು. ಈಗ ತಾನೆ ಹೇಳಿದ್ನಲ್ಲಮ್ಮ, ಕಿವುಡೀನಾ ನೀನು ಅಂತ. ಬೈಸ್ಕೊಂಡು ಕೇಳ್ತಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಗಾದೆ ಸುಮ್ನೆ ಹುಟ್ಟಿಲ್ಲ. ಯಾವುದೋ ಆಸ್ಪತ್ರೇಲೇ ಹುಟ್ಟಿರಬೇಕು."

ಕೈಯಲ್ಲಿದ್ದ ಲೋಟ ಜಾರಿತು. ಒಡೆಯಲಿಲ್ಲ, ಸ್ಟೀಲು. ಕೌಂಟರಿನ ಹುಡುಗಿ ಒಳಗೆ ಓಡಿ ಟ್ಯೂಬ್ ನಂಬರ್ ನೋಡಿ ಬರುತ್ತಿದ್ದುದು ಕಣ್ಣ ಮುಂದೆ.

ಜೂನ್ 8, ಶನಿವಾರ. ಮಧ್ಯಾಹ್ನ 2.30

ಯಾವ ಫೈಲ್ ಮುಟ್ಟಿದರೂ ಮೊದಲು ಒಂದು ನಕಲು ಇಟ್ಟುಕೊಳ್ಳುವ ಅಭ್ಯಾಸ. ಅದು ಲ್ಯಾಪ್‌ಟಾಪಿನಲ್ಲೇ ಇತ್ತು. ನಿನ್ನೆ ಇಡೀ ದಿನ ತೆರೆಯಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಸುತ್ತಮುತ್ತ ಓಡಾಡಿದೆ. ಇವತ್ತು ತೆರೆದು ಆ ಹನ್ನೊಂದು ಸಾಲು ಓದಿದೆ. ಓದಲು ಎರಡು ನಿಮಿಷ. ಗುರುವಾರವೂ ಎರಡೇ ನಿಮಿಷ ಸಾಕಿತ್ತು.

ಎರರ್ ಅಲ್ಲ. ಬೇಲಿ. ಒಂದೇ ದಿನ ಒಂದೇ ಹೆಸರಿನವರು ಇಬ್ಬರಿದ್ದರೆ ಪ್ರಿಂಟ್ ನಿಲ್ಲಿಸುತ್ತದೆ. ಟ್ಯೂಬಿನ ನಂಬರ್ ಕಣ್ಣಾರೆ ನೋಡಿ ಹೊಡೆಯುವವರೆಗೆ ಬಿಡುವುದಿಲ್ಲ.

ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ದನಿ. ಹಿಂದೆ ಮಕ್ಕಳ ಗಲಾಟೆ. ಕಂಪ್ಯೂಟರ್ ಕ್ಲಾಸ್ ನಡೆಸುತ್ತಾರಂತೆ. ಯಾರು, ಯಾಕೆ ಎಂದು ಹೇಳುವ ಮೊದಲೇ "ಲ್ಯಾಬಿನ ವಿಷಯಾನಾ?" ಅಂದರು.

"ಹೆಸರು ಹೊಡೆದರೆ ಮೊದಲು ಸಿಕ್ಕವರ ರಿಪೋರ್ಟು ಪ್ರಿಂಟ್ ಆಗಿಬಿಡತ್ತೆ ತಾಯಿ. ನಾನೇ ಮಾಡಿದ ತಪ್ಪು ಅದು, ಶುರುವಿನಲ್ಲಿ. ಆಗ ಒಂದೇ ಬ್ರಾಂಚು, ದಿನಕ್ಕೆ ಮೂವತ್ತು ಜನ. ಆಮೇಲೆ ಬುಡದಿಂದ ಸರಿಮಾಡ್ತೀನಿ, ಎರಡು ತಿಂಗಳು ಕೊಡಿ ಅಂದೆ. ಕೊಡಲಿಲ್ಲ. ಅದಕ್ಕೆ ಆ ಬೇಲಿ ಹಾಕಿದೆ. ಬೇಲಿ ತೆಗಿ ಅಂದರು. ತೆಗೆಯಲ್ಲ ಅಂದೆ. ನನ್ನನ್ನೇ ತೆಗೆದರು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಿಮಗಿಂತ ಮುಂಚೆ ಮೂವರು ಫೋನ್ ಮಾಡಿದ್ರು. ಅವರನ್ನೂ ಹೀಗೇ ಮೀಟಿಂಗಿಗೆ ಅಂತ ಕರೆಸಿ ಇದನ್ನೇ ತೆಗೆಯೋಕೆ ಹೇಳಿದ್ರಂತೆ. ಮೂವರೂ ತೆಗೆಯೋ ಮೊದಲು ಫೋನ್ ಮಾಡಿದ್ರು. ನೀವು ನಾಲ್ಕನೆಯವರು... ಇನ್ನೂ ಮುಟ್ಟಿಲ್ಲ ತಾನೆ?"

ಮುಟ್ಟಿದೆ ಅಂದೆ.

ಮಕ್ಕಳಿಗೆ ಹೊರಗೆ ಹೋಗಲು ಹೇಳಿ ಬಾಗಿಲು ಹಾಕಿದ ಸದ್ದು. ಬೈಯಲಿಲ್ಲ. "ನಾನೂ ನಿಮ್ಮ ವಯಸ್ಸಲ್ಲಿ ಅಳಿಸಿಬಿಡ್ತಿದ್ನೇನೋ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಡೈರೆಕ್ಟರಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಟೈಪ್ ಮಾಡಿದೆ. ಕಳಿಸಲಿಲ್ಲ.

ಜೂನ್ 9, ಭಾನುವಾರ

ಯಾಕೆ ಕಳಿಸಲಿಲ್ಲ ಎಂದು ಇಲ್ಲಾದರೂ ಬರೆಯಬೇಕು. ಕೆಲಸ ಸಿಗಬಹುದು ಎಂಬ ಆಸೆ. ಸಿಕ್ಕ ಮೇಲೆ ಸದ್ದಿಲ್ಲದೆ ವಾಪಸ್ ಹಾಕಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನದಲ್ಲಿ ಏನು ಮಹಾ ಆಗುತ್ತದೆ.

ಚೀಟಿಯ ಪಾಸ್‌ವರ್ಡ್ ಇದೆ, ಈಗಲೇ ಹಾಕಿಬಿಡುತ್ತೇನೆ ಎಂದೆ ಅತ್ತೆಗೆ. "ಬೀಗದ ಕೈ ಕೊಟ್ಟಿದ್ರು ಅಂತ ಕೇಳ್ದೇ ಒಬ್ಬರ ಮನೆ ಒಳಗೆ ಹೋಗ್ತೀಯಾ? ಹೇಳಿ ಹಾಕು" ಅಂದರು. "ಆದ್ರೆ ಇವತ್ತೇ ಹೇಳು."

ಇವರು ಫೋನ್ ಮಾಡಿದರು. ಲೈನ್ ಕಟ್ ಕಟ್. ಎಲ್ಲ ಚೆನ್ನಾಗಿದೆ ಎಂದೆ. ಇವತ್ತೇ ಹೇಳಲಿಲ್ಲ.

ಜೂನ್ 10, ಸೋಮವಾರ. ಬೆಳಿಗ್ಗೆ 11.40

ಡೈರೆಕ್ಟರೇ ಫೋನ್ ಮಾಡಿದರು. ಖುಷಿಯ ದನಿ. "ಮೇಡಂ, ಕ್ಯೂ ಅರ್ಧಕ್ಕರ್ಧ ಇಳಿದಿದೆ. ಕೆಲಸ ನಿಮ್ಮದೇ. ಬುಧವಾರ ಬನ್ನಿ, ಅಗ್ರಿಮೆಂಟ್ ಮಾಡೋಣ. ಮನೆಯಿಂದಾನೇ ಮಾಡಿ, ನಮ್ಮದೇನೂ ಅಭ್ಯಂತರ ಇಲ್ಲ."

ಅತ್ತೆ ಎದುರಿಗೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಒಂದು ಕ್ಷಣ... ಒಂದೇ ಕ್ಷಣ ಏನೂ ಹೇಳದೆ ಥ್ಯಾಂಕ್ಸ್ ಅನ್ನೋಣ ಅನ್ನಿಸಿತು. ಅನ್ನಿಸಿದ್ದು ನಿಜ.

ಹೇಳಿದೆ. ಅದು ಎರರ್ ಅಲ್ಲ, ನನ್ನ ತಪ್ಪು, ಓದದೆ ತೆಗೆದೆ. ಇವತ್ತೇ ವಾಪಸ್ ಹಾಕಬೇಕು, ಹತ್ತು ನಿಮಿಷದ ಕೆಲಸ. ಗುರುವಾರದಿಂದ ಕೊಟ್ಟ ರಿಪೋರ್ಟುಗಳನ್ನೂ ಒಮ್ಮೆ ನೋಡಬೇಕು.

"ಆ ಮುದುಕ ನಿಮಗೂ ಮಂತ್ರ ಹಾಕಿದ್ನಾ?"

"ಮಂತ್ರ ಅಲ್ಲ ಸರ್. ಒಬ್ಬರದು ಇನ್ನೊಬ್ಬರಿಗೆ ಹೋಗತ್ತೆ."

"ಈವರೆಗೆ ಒಂದು ಕಂಪ್ಲೇಂಟ್ ಬಂದಿಲ್ಲ."

"ತಪ್ಪು ರಿಪೋರ್ಟ್ ಸಿಕ್ಕವರಿಗೆ ತಪ್ಪು ಅಂತ ಹೇಗೆ ಗೊತ್ತಾಗತ್ತೆ ಸರ್?"

ದನಿ ಬದಲಾಯಿತು. "ನೋಡಿ, ಅದನ್ನ ತೆಗೆದಿದ್ದಕ್ಕೇ ನಿಮಗೆ ಈ ಕೆಲಸ. ವಾಪಸ್ ಹಾಕೋಕೆ ನೀವೇ ಬೇಕಾ ನನಗೆ? ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋಕೆ ಏನೂ ಇಲ್ಲ ಸರ್."

"ಹಾಗಾದ್ರೆ ಮಾತೂ ಇಲ್ಲ." ಇಟ್ಟರು. ಐದು ನಿಮಿಷಕ್ಕೆ ಅಳಿಯನ ಮೆಸೇಜ್, ಪಾಸ್‌ವರ್ಡ್ ಬದಲಾಗಿದೆ, ಇನ್ನು ಪ್ರಯತ್ನಿಸಬೇಡಿ ಎಂದು. ಪ್ರಯತ್ನಿಸಿಯೇ ಇರಲಿಲ್ಲ.

ಅತ್ತೆ ಎಣ್ಣೆ ಕೈ ಒರೆಸಿಕೊಂಡರು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರು ಅನ್ನೋದು ಇದಕ್ಕೇ. ಹೋಗ್ಲಿ ಬಿಡು. ಆಫೀಸಿಗೆ ಹೋಗೋದಾದ್ರೆ ಹೋಗು, ಬಚ್ಚಲಿಗೆ ಒಂದು ಹಿಡಿ ಹಾಕಿಸ್ಕೊಡು, ನಾನು ನೋಡ್ಕೋತೀನಿ." ಇಷ್ಟು ಹೊತ್ತು ತಡೆದಿದ್ದೆ. ಅತ್ತುಬಿಟ್ಟೆ.

ಸಂಜೆ 4

ಅಲ್ಲಿಗೆ ಮುಗಿಯಲಿಲ್ಲವಲ್ಲ. ಬೇಲಿ ಇಲ್ಲ, ಲ್ಯಾಬು ತೆರೆದಿದೆ. ಈಗಲೂ ಯಾರೋ ಕೌಂಟರಿನಲ್ಲಿ ಹೆಸರು ಹೇಳುತ್ತಿರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಡೈರೆಕ್ಟರ್ ಕೇಳದಿದ್ದರೆ ಕೌಂಟರಿನ ಹುಡುಗಿ ಕೇಳಬಹುದು. ಅತ್ತೆ ತಾವೂ ಬರುತ್ತಾರಂತೆ. ಮಂಡಿ ಅಂದೆ. "ಮಂಡಿ ನಂದು" ಅಂದರು.

ಜೂನ್ 11, ಮಂಗಳವಾರ. ಬೆಳಿಗ್ಗೆ 9.50 — ಅದೇ ಬೆಂಚು

ಕೌಂಟರಿನ ಹುಡುಗಿಗೆ ಎಲ್ಲ ಹೇಳಿದೆ, ಸಾಲು ಶುರುವಾಗುವ ಮುಂಚೆ. ಅವಳು ಕೈಲಿದ್ದ ಕವರು ಕೆಳಗಿಟ್ಟಳು. "ಕೆಂಪಕ್ಕ ಅದಕ್ಕಾ ಬರ್ತಿದ್ದಿದ್ದು? ನಾನು ದಿನಾ ಬೈಕೊಳ್ತಿದ್ನಲ್ಲ ಮೇಡಂ." ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿದಳು: ರಿಪೋರ್ಟ್ ಪಡೆಯುವಾಗ ಹೆಸರಿನ ಜೊತೆ ಟ್ಯೂಬ್ ನಂಬರಿನ ಚೀಟಿ ತೋರಿಸಿ. ಯಾರನ್ನೂ ಕೇಳಲಿಲ್ಲ. ನಾನು ಹನ್ನೆರಡು ವರ್ಷ ಪ್ರೋಗ್ರಾಂ ಬರೆದಿದ್ದೇನೆ. ಅವಳು ಒಂದು ಹಾಳೆ, ಒಂದು ಅಂಟುಪಟ್ಟಿಯಲ್ಲಿ ಬೇಲಿ ಹಾಕಿದಳು.

ಆಮೇಲೆ ಗುರುವಾರದಿಂದ ಈಚಿನ ರಿಜಿಸ್ಟರ್ ತೆಗೆದಳು. ಈ ಬ್ರಾಂಚಿನದು ಮಾತ್ರ ಅವಳ ಕೈಲಿ. ಮಿಕ್ಕ ಮೂರಕ್ಕೆ ತನ್ನ ಗೆಳತಿಯರಿಗೆ ಫೋನ್ ಮಾಡಿದ್ದಾಳೆ, ಅವರೂ ನೋಡುತ್ತಿದ್ದಾರೆ. ಇಲ್ಲಿ ಒಂದೇ ದಿನ ಒಂದೇ ಹೆಸರು ಎರಡೆರಡು ಬಾರಿ, ಬೇಕಾದಷ್ಟು ಕಡೆ. ಹೆಚ್ಚಿನವು ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ರಕ್ತ ಕೊಟ್ಟ ಒಬ್ಬರದೇ; ಅನುಮಾನ ಉಳಿದದ್ದು ಮೂರು ಕಡೆ. ಒಂದರಲ್ಲಿ ಇಬ್ಬರೂ ಇನ್ನೂ ರಿಪೋರ್ಟ್ ಒಯ್ದಿಲ್ಲ. ಇನ್ನೊಂದೂ ಒಬ್ಬರೇ ಎರಡು ಸಲ ಬಂದದ್ದು. ಮೂರನೆಯದು...

ಇಪ್ಪತ್ತೊಂಬತ್ತು ವರ್ಷದ ಒಬ್ಬಳು, ಐವತ್ತೆಂಟು ವರ್ಷದ ಒಬ್ಬರು. ದೊಡ್ಡವರು ಶಾಲಾ ಬಸ್ಸಿನಲ್ಲಿ ಆಯಾ. ಅವರು ಒಯ್ದದ್ದು ಚಿಕ್ಕವಳ ರಿಪೋರ್ಟ್. ಎಲ್ಲ ಸರಿ ಇದೆ ಎಂದಿರುವುದು. ಅವರದೇ ರಿಪೋರ್ಟ್ ಯಾರ ಕೈಗೂ ಹೋಗಿಲ್ಲ, ಕಂಪ್ಯೂಟರಿನೊಳಗೇ ಕೂತಿದೆ. ಟ್ಯೂಬ್ ನಂಬರ್ ಹೊಡೆದು ತೆಗೆದಳು. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. "ಇವತ್ತೇ ಡಾಕ್ಟರ ಹತ್ರ ಹೋಗ್ಬೇಕು ಇವರು" ಅಂದರು, ಅಷ್ಟೇ.

ಒಯ್ದದ್ದು ಯಾವಾಗ ಎಂದು ಕೇಳಿದೆ. ಭಾನುವಾರ ಬೆಳಿಗ್ಗೆ. ನಾನು ಮೆಸೇಜ್ ಕಳಿಸದೆ ಕೂತಿದ್ದ ಭಾನುವಾರ.

10.20

ಹುಡುಗಿ ಅವರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನಗು ಕೇಳಿಸಿತು. "ರಿಪೋರ್ಟಲ್ಲಿ ವಯಸ್ಸು ಇಪ್ಪತ್ತೊಂಬತ್ತು ಅಂತ ಹಾಕಿದೀರಲ್ಲಮ್ಮ, ಮೊಮ್ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು. ಅದನ್ನ ತಿದ್ದೋಕಾ ಕರೀತಿದೀರಾ? ಬರ್ತೀನಿ, ಇಲ್ಲೇ ಹತ್ರ ಇದೀನಿ."

ಒಳಗಿನಿಂದ ಅಳಿಯ ಬಂದ. ಗಾಜಿನ ಮೇಲಿನ ಹಾಳೆ ನೋಡಿದ, ನನ್ನನ್ನು ನೋಡಿದ. "ನೀವು ಇಲ್ಲಿ ಕೂರೋ ಹಾಗಿಲ್ಲ ಮೇಡಂ." ಅತ್ತೆ ಕೋಲು ಊರಿ ಇನ್ನಷ್ಟು ನೆಟ್ಟಗೆ ಕೂತರು. "ನಾವು ಪೇಷಂಟ್ ಜೊತೆ ಬಂದಿದೀವಿ. ಅವರು ಬರ್ತಿದಾರೆ." ಬಂದ ಹಾಗೇ ಒಳಗೆ ಹೋದ. ಹಾಳೆ ಕೀಳಲಿಲ್ಲ. ಸಾಲಿನಲ್ಲಿದ್ದವರು ಆಗಲೇ ಚೀಟಿ ಹುಡುಕಿ ಕೈಯಲ್ಲಿ ಹಿಡಿದಿದ್ದರು.

ಹುಡುಗಿ ಬಗ್ಗಿ ಪಿಸುಗುಟ್ಟಿದಳು. "ನೀವು ತೆಗೆದ್ರಿ ಅಂತ ಹೇಳ್ಬೇಡಿ ಮೇಡಂ. ಸಿಸ್ಟಮ್ ತಪ್ಪು ಅಂದ್ಬಿಡಿ. ಎಲ್ಲರೂ ಹಾಗೇ ಅನ್ನೋದು."

ಎಲ್ಲರೂ ಹಾಗೇ ಅನ್ನುವುದು ನಿಜ. ನಾನೂ ಎಷ್ಟು ಸಲ ಅಂದಿದ್ದೇನೆ, ಟೈಲ್ಸ್ ಅಂಗಡಿಯವರಿಗೆ.

ಅತ್ತೆಯನ್ನು ಕೇಳಿದೆ, ಇಂಥದ್ದನ್ನು ಹೇಗೆ ಹೇಳುವುದು. ಕನ್ನಡಕ ತೆಗೆದು ಮಡಚಿದರು. "ನಿಂತ್ಕೊಂಡು ಹೇಳಬೇಡ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳು. ಮೊದಲು ನಿನ್ನ ತಪ್ಪು ಹೇಳು, ಆಮೇಲೆ ಅವರ ಕಾಯಿಲೆ. ಆಮೇಲೆ ಡಾಕ್ಟರ ಹತ್ರ ಜೊತೇಲಿ ಹೋಗು."

ಅವರು ಬರುವವರೆಗೆ ಬರೆಯುತ್ತಿರುತ್ತೇನೆ.

ಬಾಗಿಲು. ನೀಲಿ ಕೊಡೆ ಮಡಚುತ್ತ ಒಬ್ಬರು ಒಳಗೆ ಬಂದರು. ಕೈಯಲ್ಲಿ ಲ್ಯಾಬಿನ ಕವರು, ಮುಖದಲ್ಲಿ ಇನ್ನೂ ಆ ನಗು. ಕೌಂಟರಿನ ಹುಡುಗಿ ನನ್ನ ಕಡೆ ನೋಡುತ್ತಿದ್ದಾಳೆ. ಅತ್ತೆ ಸರಿದು ಜಾಗ ಮಾಡಿದರು, ಬೆಂಚು ವಾಲಿತು. ನಾನು ಪೆನ್ನು ಮುಚ್ಚುತ್ತೇನೆ. ಮೊದಲು ನನ್ನ ತಪ್ಪು.